ಹಳೇ ಟಾಕೀಸ್‌ನ್ಯಾಗ ಪರದೆ ಮ್ಯಾಲೆ ಪಿಚ್ಚರ್ ಸುಡತಿದ್ದದ್ದು ಯಾಕ?

ಪ್ರಶ್ನೆ (ಗದಗ): ಸಣ್ಣವರಿದ್ದಾಗ ದೊಡ್ಡ ಹೀರೋ ಪಿಚ್ಚರ್ ನೋಡಿದವರಿಗೆಲ್ಲಾ ನೆನಪಿರ್ತದ: ಚಿತ್ರ ಒಮ್ಮೆಲೆ ನಿಂತು, ನಡುವ ಕಂದು ಗುಳ್ಳಿ ಎದ್ದು ಹರಡತಿತ್ತು. ಬಲಗಡೆ ಮ್ಯಾಲಿನ ಮೂಲ್ಯಾಗ ಒಂದು ಚುಕ್ಕಿನೂ ಮಿಂಚತಿತ್ತು. ಯಾಕ್ರಿ?

ಉತ್ತರ (ಹುಬ್ಬಳ್ಳಿ): ರೀಲ್ ಸೆಕೆಂಡಿಗೆ 24 ಫ್ರೇಮ್ (ಒಂದೊಂದು ಬಿಡಿ ಚಿತ್ರ) ಓಡತದ, ಅದಕ್ಕ ಕಾವು ತಾಗೂದಿಲ್ರಿ. ಅಂಚಿನ ತೂತು ಹರಿದು ಹಲ್ಲುಗಾಲಿಗೆ ಸಿಗಲಿಲ್ಲಂದ್ರ ಗೇಟಿನೊಳಗ, ಅಂದ್ರ ಬೆಳಕು ಫ್ರೇಮ್ ಮ್ಯಾಲೆ ಬೀಳೋ ಕಿಂಡ್ಯಾಗ, ನಿಂತುಬಿಡತದ. ಎರಡು ಕಾರ್ಬನ್ ಕಡ್ಡಿ ನಡುವಿನ ಸಂದಿನ್ಯಾಗ ಕರೆಂಟ್ ಹಾರಿ ಹುಟ್ಟೋ ಬೆಳಕಿನ ಕಾವಿಗೆ ಆ ಒಂದೇ ಫ್ರೇಮ್ ಕರಗತದ. ನೀವು ನೋಡಿದ ಗುಳ್ಳಿ ಅದ. ಆಪರೇಟರ್ ತಕ್ಷಣ ಬೆಳಕಿಗೆ ಅಡ್ಡ ತಗಡು ಇಳಿಸಬೇಕು. ಆಮ್ಯಾಲೆ ಸುಟ್ಟಿದ್ದು ಕತ್ತರಿಸಿ, ತುದಿ ಮ್ಯಾಲಿನ ಚಿತ್ರದ ಪದರ ಕೆರೆದು, ಫಿಲ್ಮ್ ಸಿಮೆಂಟ್ (ಫಿಲ್ಮ್ ಅಂಟಿಸೋ ದ್ರವ) ಹಚ್ಚಿ ಒತ್ತಿ ಹಿಡಿಯೂದು. ಫ್ರೇಮಿಗೆ 4 ತೂತು. ಜೋಡಿಸುವಾಗ ಲೆಕ್ಕ ತಪ್ಪಿತಂದ್ರ ಹೀರೋನ ಕಾಲು ಮ್ಯಾಲ, ತಲಿ ಕೆಳಗ ಕಾಣತಾವ. ಜನ "ಫ್ರೇಮ್, ಫ್ರೇಮ್" ಅಂತ ಕೂಗತಿದ್ದದ್ದು ಅದಕ್ಕ. ಕತ್ತರಿಸಿದಲ್ಲಿ ಮಾತೂ ಹಾರತದ.

ಉತ್ತರ (ಧಾರವಾಡ): ಚುಕ್ಕಿ ಆಪರೇಟರ್‌ಗೆ ಸೂಚನಾರಿ. 2,000 ಅಡಿ ರೀಲ್ 22 ನಿಮಿಷ ಬರ್ತದ, ಪೂರಾ ಪಿಚ್ಚರ್‌ಗೆ ಒಂದು ರೀಲ್ ಸಾಲೂದಿಲ್ಲ, ಆದ್ದರಿಂದ ಎರಡು ಪ್ರೊಜೆಕ್ಟರ್ ಇರ್ತಿದ್ದವು. ಮೊದಲ ಚುಕ್ಕಿಗೆ ಎರಡನೇದರ ಮೋಟಾರ್ ಚಾಲೂ, ಸುಮಾರು 7 ಸೆಕೆಂಡಿಗೆ ಬರೋ ಎರಡನೇ ಚುಕ್ಕಿಗೆ ಬೆಳಕು ಮೊದಲನೇದರಿಂದ ಎರಡನೇ ಪ್ರೊಜೆಕ್ಟರ್‌ಗೆ ಬದಲು. ಇದರಾಗ ಪಳಗಿದ ಕೈಯಿದ್ದರ ಪ್ರೇಕ್ಷಕರಿಗೆ ಗೊತ್ತೇ ಆಗ್ತಿದ್ದಿಲ್ಲ. ದೊಡ್ಡ ಕಲಾವಿದರು ಆ ಆಪರೇಟರ್‌ಗಳು.

ಉತ್ತರ (ಹಾವೇರಿ): ಪರದೆ ಮಬ್ಬಾಗೂದೂ ಇರ್ತಿತ್ತಲ್ರಿ, ಅದು ಕಡ್ಡಿ ಸವೆದು ನಡುವಿನ ಸಂದು ದೊಡ್ಡದಾದಾಗ. ಕಡ್ಡಿ ಮುಂದ ಸರಿಸಿದರ ಸರಿ ಆಗ್ತದ. ಬಿಟ್ಟರ ಬೆಳಕು ಪೂರ್ತಿ ಆರತದ.