ಅಪ್‌ಡೇಟ್: ಚಿಕ್ಕಜ್ಜನ ಕಡೆಯವ್ರನ್ನ ಹುಡ್ಕೊಂಡು ಹೋಗಿ ಬಂದೆ

ಹೋದ ಸಲ ಕೇಳಿದ್ದೆ ನೆನಪಿದ್ಯಾ, ನಮ್ಮಜ್ಜನ ತಮ್ಮ ಹಡಗು ಹತ್ತಿ ಹೋದೋರು ವಾಪಸ್ ಬರ್ಲೇ ಇಲ್ಲ, ಅವ್ರ ಮಕ್ಕಳನ್ನ ನೋಡೋಕೆ ವಿದೇಶಕ್ಕೆ ಹೋಗೋದಾ ಬೇಡ್ವಾ ಅಂತ. ಹೋದೆ. ಬಂದೆ.

ಫ್ಯಾಮಿಲಿಸರ್ಚ್ (ವಂಶದ ಹಳೇ ದಾಖಲೆ ಹುಡುಕೋ ವೆಬ್‌ಸೈಟ್) ಫ್ರೀ ಇದೆ, ಮೊದ್ಲು ಅಲ್ಲಿ ನೋಡು ಅಂದೋರಿಗೆ ದೊಡ್ಡ ಥ್ಯಾಂಕ್ಸ್. ಹೆಸರಿನ ಸ್ಪೆಲಿಂಗ್ ನಾಲ್ಕು ಥರ ಬದಲಾಯಿಸಿ ಹುಡುಕಿದ್ಮೇಲೆ ಹಡಗಿನ ಪ್ರಯಾಣಿಕರ ಪಟ್ಟೀಲಿ ಚಿಕ್ಕಜ್ಜ ಸಿಕ್ಕಿದ್ರು, ಗುಮಾಸ್ತ ಕಿವಿಗೆ ಬಿದ್ದಂಗೆ ಬರ್ಕೊಂಡಿದ್ದಾನೆ ಪುಣ್ಯಾತ್ಮ. ಡಿಎನ್‌ಎ ಟೆಸ್ಟೂ ಮಾಡಿಸ್ದೆ, ಸೆಕೆಂಡ್ ಕಸಿನ್ (ಅಣ್ಣತಮ್ಮಂದಿರ ಮೊಮ್ಮಕ್ಕಳು ಒಬ್ರಿಗೊಬ್ರು) ಅಂದ್ರೆ ಸರಾಸರಿ 3% ಚಿಲ್ಲರೆ ಡಿಎನ್‌ಎ ಮ್ಯಾಚ್ ಆಗತ್ತಂತೆ, ಚಿಕ್ಕಜ್ಜನ ಮೊಮ್ಮಗನ ಜೊತೆ ಹತ್ರತ್ರ ಅಷ್ಟೇ ಬಂತು.

ದಾಖಲೆ ಕಚೇರೀಲಿ ಮಾತ್ರ ಎಡವಟ್ಟಾಯ್ತು. ಅಪಾಯಿಂಟ್‌ಮೆಂಟ್ ಇಲ್ದೆ ಒಳಗೆ ಬಿಡಲ್ಲ ಅಂದ್ರು, ಒಂದು ದಿನ ಪೂರ್ತಿ ದಂಡ, ತಪ್ಪು ನಂದೇ ಬಿಡಿ.

ಚಿಕ್ಕಜ್ಜನ ಮಗಳು, ಅಂದ್ರೆ ನಂಗೆ ಅತ್ತೆ ಆಗ್ಬೇಕು, ಇನ್ನೂ ಗಟ್ಟಿ ಇದಾರೆ. ನಾನು ತಗೊಂಡೋಗಿದ್ದ ಫೋಟೋನ ಕಿಟಕಿ ಹತ್ರ ಹಿಡ್ಕೊಂಡು ಸುಮಾರು ಹೊತ್ತು ನೋಡಿದ್ರು, ಆಮೇಲೆ ಎದ್ದು ಹೋಗಿ ಬೀರುವಿಂದ ಅದೇ ಫೋಟೋ ತಂದ್ರು! ಅದೇ ಕುರ್ಚಿ, ಅದೇ ಇಬ್ರು ಹುಡುಗ್ರು, ಅವ್ರದ್ರಲ್ಲಿ ಮೂಲೆ ಹರಿದಿತ್ತು ಅಷ್ಟೇ. ಒಬ್ರ ಭಾಷೆ ಇನ್ನೊಬ್ರಿಗೆ ಬರಲ್ಲ, ಮೊಮ್ಮಗ ಫೋನಲ್ಲಿ ಟ್ರಾನ್ಸ್‌ಲೇಟ್ ಮಾಡ್ತಿದ್ದ, ಅರ್ಧಕ್ಕೆ ಅವ್ನೂ ಸುಮ್ನಾದ.

ಆಸ್ತಿ ಕೇಳೋಕೆ ಬಂದಿದಾನೆ ಅನ್ಕೋತಾರೆ ಅಂತ ಹೆದರಿಸಿದ್ರಲ್ಲ ಒಬ್ರು, ಹೌದು, ಒಬ್ಬ ಅಳಿಯ ಕೇಳೇ ಬಿಟ್ಟ. ನಕ್ಕೆ. ಅತ್ತೆ ಅವ್ನ ಕಡೆ ತಿರುಗಿ ಏನೋ ಬೈದ್ರು, ಅದನ್ನ ಯಾರೂ ಟ್ರಾನ್ಸ್‌ಲೇಟ್ ಮಾಡ್ಲಿಲ್ಲ.