ಕೆನಡಾ ಔಷಧ ಕಾನೂನು: ಬ್ಯಾಚ್ ಗ್ರೂಪ್‌ನ ವಾದ

ಗಿರೀಶ: (ಫಾರ್ವರ್ಡ್) "ಬಡ ದೇಶಗಳಿಗೆ ಅಗ್ಗದ ಔಷಧ ಕಳಿಸಲು ಕೆನಡಾ 2004ರಲ್ಲೇ ಪೇಟೆಂಟ್ ಕಾನೂನು ತಿದ್ದಿತು. ಎಲ್ಲರಿಗೂ ಇದೇ ಮಾದರಿ."

ಶೈಲಜಾ: ತಿದ್ದಿದ್ದು ನಿಜ. ಆದ್ರೆ ಅದರಡಿ ಹೊರಟಿದ್ದು ಒಂದೇ ಔಷಧ, ಒಂದೇ ದೇಶಕ್ಕೆ. ಕೆನಡಾದ ಔಷಧ ಕಂಪನಿ ಅಪೊಟೆಕ್ಸ್‌ನ ಎಚ್‌ಐವಿ ಮಾತ್ರೆ, ರುವಾಂಡಾಗೆ. ಇದು ಮಾದರಿ ಹೇಗಾಗುತ್ತೆ?

ಗಿರೀಶ: ರುವಾಂಡಾ ಕೇಳಿದ್ದೇ ತಡವಾಗಿ ಕಣೇ. 2007ರ ಜುಲೈನಲ್ಲಿ ಡಬ್ಲ್ಯೂಟಿಒಗೆ (ವಿಶ್ವ ವ್ಯಾಪಾರ ಸಂಸ್ಥೆ) ತಿಳಿಸಿದ್ರು, ಸೆಪ್ಟೆಂಬರ್‌ನಲ್ಲಿ ಅಪೊಟೆಕ್ಸ್‌ಗೆ ಲೈಸೆನ್ಸ್ ಬಂತು, ಅಂದ್ರೆ ಪೇಟೆಂಟ್‌ದಾರರು ಒಪ್ಪದಿದ್ರೂ ತಯಾರಿಸೋ ಅನುಮತಿ.

ಶೈಲಜಾ: ಅದಕ್ಕೂ ಮುಂಚಿನದ್ದು ನೋಡು. ಜಿಡೊವುಡಿನ್ 300 ಮಿ.ಗ್ರಾಂ, ಲ್ಯಾಮಿವುಡಿನ್ 150, ನೆವಿರಾಪಿನ್ 200, ಮೂರೂ ಸೇರಿದ ಒಂದು ಮಾತ್ರೆ. ಕಾನೂನಿನ ಪರಿಶಿಷ್ಟದಲ್ಲಿ, ಅಂದ್ರೆ ಹೀಗೆ ಕಳಿಸಬಹುದಾದ ಔಷಧಗಳ ಪಟ್ಟಿಯಲ್ಲಿ, ಅದು ಇರಲೇ ಇಲ್ಲ, ಮೊದಲು ಸೇರಿಸಬೇಕಾಯ್ತು. ಕೆನಡಾದಲ್ಲಿ ಮಾರದಿದ್ರೂ ಅಲ್ಲಿನ ಆರೋಗ್ಯ ಇಲಾಖೆ ಹೆಲ್ತ್ ಕೆನಡಾದ ಪರಿಶೀಲನೆ ಆಗಲೇಬೇಕು. ಆಮೇಲೆ ಪೇಟೆಂಟ್‌ದಾರರ ಜತೆ 30 ದಿನ ಮಾತುಕತೆ. ಲೈಸೆನ್ಸ್ ಬಂದ್ಮೇಲೂ ರುವಾಂಡಾದ ಟೆಂಡರ್ ಗೆಲ್ಲಬೇಕಿತ್ತು. ಮೊದಲ ಸರಕು ಹೊರಟಿದ್ದು 2008ರ ಸೆಪ್ಟೆಂಬರ್‌ನಲ್ಲಿ!

ರಫೀಕ್: ನನ್ನ ಪ್ರಕಾರ ದೊಡ್ಡ ತೊಡಕು ಲೈಸೆನ್ಸ್‌ನಲ್ಲೇ ಇದೆ. ದೇಶ, ಪ್ರಮಾಣ ಎರಡೂ ಮೊದಲೇ ನಮೂದಾಗಬೇಕು: ರುವಾಂಡಾ, 1,56,00,000 ಮಾತ್ರೆ, ಎರಡು ವರ್ಷ. ಪಕ್ಕದ ದೇಶ ಅದೇ ಮಾತ್ರೆ ಕೇಳಿದ್ರೆ ಮತ್ತೆ ಮೊದಲಿಂದ ಶುರು. ಹೀಗೆ ಬಿಡಿಬಿಡಿ ಆರ್ಡರ್‌ಗೆ ಕಚ್ಚಾ ಔಷಧ ಕೊಂಡ್ರೆ ದರ ಇಳಿಯೋದಿಲ್ಲ.

ಗಿರೀಶ: ಪ್ರಮಾಣ ಬರೀದಿದ್ರೆ ಆ ಮಾತ್ರೆ ತಿರುಗಿ ಶ್ರೀಮಂತ ದೇಶಗಳ ಅಂಗಡಿಗೆ ಬರಲ್ವಾ?

ಶೈಲಜಾ: ಅದಕ್ಕೆ ಬೇರೆ ಕಾವಲೇ ಇದೆ. ಪ್ರತಿ ಮಾತ್ರೆ ಮೇಲೂ 'ಎಕ್ಸ್‌ಸಿಎಲ್' ಅನ್ನೋ ರಫ್ತಿನ ಗುರುತಿನ ಅಚ್ಚು, ಕೆನಡಾದಲ್ಲಿ ಸಿಗೋ ಮಾತ್ರೆಗಿಂತ ಬೇರೆ ಬಣ್ಣ, ಲೇಬಲ್ ಮೇಲೆ 'ಕೆನಡಾದಲ್ಲಿ ಮಾರಾಟಕ್ಕಲ್ಲ' ಅನ್ನೋ ಬರಹ. ಪ್ರತಿ ಸಾಗಣೆಗೂ ಮುಂಚೆ ಪೇಟೆಂಟ್‌ದಾರರಿಗೆ ನೋಟಿಸ್: ಎಷ್ಟು ಮಾತ್ರೆ, ದಾರೀಲಿ ಯಾರ ಯಾರ ಕೈ ದಾಟುತ್ತೆ. ಇಷ್ಟಿದ್ದೂ ಕದ್ದು ತರೋರನ್ನ ಕಸ್ಟಮ್ಸ್ ಹಿಡೀಬೇಕು, ಅದಕ್ಕೆ ರೋಗಿಗಳನ್ನ ಕಾಯಿಸೋದು ಯಾವ ನ್ಯಾಯ?

ಗಿರೀಶ: ಹಾಗಿದ್ರೆ ತಿದ್ದುಪಡಿ ಯಾಕಾಗಲಿಲ್ಲ?

ರಫೀಕ್: ಸಿ-393 ಮಸೂದೆ ಬಂದಿತ್ತಲ್ಲ. ಒಂದೇ ಲೈಸೆನ್ಸ್, ಅರ್ಹ ದೇಶಗಳಿಗೆಲ್ಲ. 2011ರ ಮಾರ್ಚ್‌ನಲ್ಲಿ ಕೆಳಮನೆ ಒಪ್ಪಿತು. ಸೆನೆಟ್‌ನಲ್ಲಿರುವಾಗಲೇ ಚುನಾವಣೆ ಘೋಷಣೆಯಾಗಿ ಬಿದ್ದುಹೋಯ್ತು. 2021ರಲ್ಲಿ ಬೊಲಿವಿಯಾ ಕೋವಿಡ್ ಲಸಿಕೆ ಕೇಳ್ತು, ಕೆನಡಾದ ಒಬ್ಬ ತಯಾರಕರೂ ಸಿದ್ಧ ಇದ್ರು. ಅಲ್ಲೂ ಅದೇ ತೊಡಕು: ಪರಿಶಿಷ್ಟದಲ್ಲಿ ಆ ಲಸಿಕೆ ಇರಲಿಲ್ಲ.

ಗಿರೀಶ: ಪರಿಶಿಷ್ಟದ ಮಾತು ಒಪ್ಪಿದೆ. ಪ್ರಮಾಣದ್ದು ಒಪ್ಪಲ್ಲ. 'ಬೇಕಾದಷ್ಟೇ ತಯಾರಿಸಿ' ಅಂತ ಡಬ್ಲ್ಯೂಟಿಒದ 2003ರ ನಿರ್ಣಯವೇ ಹೇಳುತ್ತೆ.

ಶೈಲಜಾ: ಎಷ್ಟು ಬೇಕು ಅಂತ ಆಯಾ ದೇಶ ಆರ್ಡರ್ ಕೊಟ್ಟಾಗ ಸೇರಿಸಿಕೊಳ್ಳಲಿ. ಲೈಸೆನ್ಸ್‌ಗೆ ಮುಂಚೆಯೇ ಯಾಕೆ?