ಭೂಕಂಪದ ನಂತರ ಸ್ಟೀಲ್ ಕಟ್ಟಡ: ಗೋಡೆ ಬಿರುಕು ಬಿಡದಿದ್ದರೆ ಸಾಕಾ?

ಪ್ರಶ್ನೆ: ಸರ್, ನಾನು ಲಾಸ್ ಏಂಜಲೀಸ್‌ನಲ್ಲಿದ್ದೇನೆ. ನಮ್ಮ ಆಫೀಸು 1980ರ ದಶಕದ ಆರು ಮಹಡಿಯ ಸ್ಟೀಲ್ ಫ್ರೇಮ್ ಕಟ್ಟಡದಲ್ಲಿದೆ. 1994ರ ಭೂಕಂಪದಲ್ಲಿ ಒಂದು ಗಾಜೂ ಒಡೆಯಲಿಲ್ಲ ಎಂದು ಹಳಬರು ಹೇಳುತ್ತಾರೆ. ಹಾಗಾದರೆ ಕಟ್ಟಡ ಗಟ್ಟಿ ಇದೆ ಅಂತ ತಾನೇ?

ಉತ್ತರ (ಸ್ಟ್ರಕ್ಚರಲ್ ಇಂಜಿನಿಯರ್): ಗಾಜು ನೋಡಿ ಹಾಗೆ ಹೇಳೋಕಾಗಲ್ಲ. ಆ ನಾರ್ತ್‌ರಿಜ್ ಭೂಕಂಪ ಆಗಿದ್ದು 1994ರ ಜನವರಿ 17ರಂದು, ಬೆಳಗಿನ ಜಾವ 4:31ಕ್ಕೆ. ತೀವ್ರತೆ 6.7. ವೆಲ್ಡ್ ಮಾಡಿದ ಸ್ಟೀಲ್ ಫ್ರೇಮ್ ಕಟ್ಟಡ ಒಂದೂ ಕುಸಿಯಲಿಲ್ಲ, ಎಲ್ಲರೂ ನಿಟ್ಟುಸಿರು ಬಿಟ್ಟರು. ಆಮೇಲೆ ಸೀಲಿಂಗ್ ಬಿಚ್ಚಿ ನೋಡಿದರೆ ನೂರಕ್ಕೂ ಹೆಚ್ಚು ಕಟ್ಟಡಗಳಲ್ಲಿ ಬೀಮ್ ಕಾಲಂಗೆ ಸೇರುವ ಜಾಗದಲ್ಲೇ ವೆಲ್ಡ್ ಬಿರಿದಿತ್ತು. ಆಗಿನ್ನೂ ಕಟ್ಟುತ್ತಿದ್ದ, ನಿಮ್ಮೂರಿನ ಗೆಟ್ಟಿ ಸೆಂಟರ್ ಮ್ಯೂಸಿಯಂನಲ್ಲೂ ಇದೇ ಕಥೆ.

ಹೆಚ್ಚಾಗಿ ಬಿರಿದಿದ್ದು ಬೀಮ್‌ನ ಕೆಳಗಿನ ಫ್ಲಾಂಜ್, ಅಂದರೆ I ಆಕಾರದ ಬೀಮ್‌ನ ತಳದ ಅಡ್ಡ ತಗಡು ಇರುವ ಕಡೆ. ಅಲ್ಲಿ ವೆಲ್ಡರ್ ಮೇಲಿನಿಂದ ಬಗ್ಗಿ ಕೆಲಸ ಮಾಡಬೇಕು. ಬೀಮ್‌ನ ಮಧ್ಯದ ನೆಟ್ಟಗಿನ ತಗಡು ಅಡ್ಡ ಬರುತ್ತದೆ. ಅರ್ಧಕ್ಕೆ ನಿಲ್ಲಿಸಿ, ಆ ಕಡೆಯಿಂದ ಮತ್ತೆ ಶುರು ಮಾಡಬೇಕು. ವೆಲ್ಡ್ ಕೆಳಗೆ ಸೋರದಿರಲಿ ಎಂದು ಇಡುವ ಪಟ್ಟಿಯನ್ನು ಆಗ ತೆಗೆಯುತ್ತಿರಲಿಲ್ಲ. ಆ ಪಟ್ಟಿಗೂ ಕಾಲಂಗೂ ನಡುವೆ ಕೂದಲೆಳೆಯಷ್ಟು ಸಂದಿ ಉಳಿಯುತ್ತದೆ. ಬಟ್ಟೆ ಅಂಗಡಿಯವರು ಅಂಚಿಗೆ ಕತ್ತರಿ ತಾಗಿಸಿ, ಆಮೇಲೆ ಕೈಯಿಂದಲೇ ಪರ್ರನೆ ಹರಿಯುತ್ತಾರಲ್ಲ, ಹಾಗೆ ಆ ಸಂದಿಯಿಂದಲೇ ಬಿರುಕು ಓಡುತ್ತದೆ. ಆ ಕಾಲದ ವೆಲ್ಡಿಂಗ್ ವೈರ್‌ನ ಲೋಹವೂ ಪೆಡಸು. ಸ್ಟೀಲ್ ಬಾಗುತ್ತದೆ, ಒಡೆಯುವುದಿಲ್ಲ ಎಂದು ನಂಬಿದ್ದ ನಮ್ಮ ವೃತ್ತಿಯವರಿಗೆ ಅದು ದೊಡ್ಡ ಪೆಟ್ಟು.

ಪ್ರಶ್ನೆ: ಭೂಕಂಪ ಆದ ಮೇಲೆ ತಪಾಸಣೆ ಮಾಡಿ, ಒಳಗೆ ಹೋಗಬಹುದು ಎಂದು ಬಾಗಿಲಿಗೆ ಹಸಿರು ಚೀಟಿ ಅಂಟಿಸುತ್ತಾರಲ್ಲ?

ಉತ್ತರ: ಅದು ಮೇಲ್ನೋಟದ ತಪಾಸಣೆ. ಕಟ್ಟಡ ವಾಲಿದೆಯಾ, ಏನಾದರೂ ಬೀಳುವಂತಿದೆಯಾ ಎಂದು ನೋಡುತ್ತಾರೆ, ಅಷ್ಟೇ. ಜಾಯಿಂಟ್ ಕಾಣುವುದೇ ಇಲ್ಲ.

ನಾನಾದರೆ ಮೊದಲು ಲಿಫ್ಟ್ ನೋಡುತ್ತೇನೆ. ಮೊದಲಿಲ್ಲದ ಉಜ್ಜುವ ಸದ್ದು ಈಗ ಬಂದರೆ ಕಟ್ಟಡ ಒಂದು ಕಡೆ ವಾಲಿರಬಹುದು. ಎಷ್ಟು ವಾಲಿದೆ ಎಂದು ಮಹಡಿ ಮಹಡಿಗೂ ಅಳತೆ ತೆಗೆಸಿ. ಆದರೆ ನೆಟ್ಟಗಿದ್ದ ಮಾತ್ರಕ್ಕೆ ಸುಮ್ನೆ ಬಿಡಬೇಡಿ, ಒಳಗೆ ಬಿರಿದ ಎಷ್ಟೋ ಕಟ್ಟಡಗಳು ನೆಟ್ಟಗೇ ನಿಂತಿದ್ದವು. ಆಮೇಲೆ ಕೆಲವು ಜಾಯಿಂಟ್ ಆರಿಸಿ, ಸೀಲಿಂಗ್ ಬಿಚ್ಚಿ, ಬೆಂಕಿ ತಡೆಯುವ ಲೇಪನ ಕೆರೆದು, ವೈರ್ ಬ್ರಷ್‌ನಿಂದ ಉಜ್ಜಿ, ಟಾರ್ಚ್ ಹಿಡಿದು ನೋಡಬೇಕು. ಒಂದರಲ್ಲಿ ಬಿರುಕು ಸಿಕ್ಕರೆ ಅಕ್ಕಪಕ್ಕದವನ್ನೂ ಮೇಲೆ ಕೆಳಗಿನವನ್ನೂ ಬಿಚ್ಚಲೇಬೇಕು. ಅಮೆರಿಕದ ವಿಪತ್ತು ನಿರ್ವಹಣಾ ಸಂಸ್ಥೆ ಫೆಮಾ 2000ದಲ್ಲಿ ತಂದ ‘ಫೆಮಾ 352’ ಮಾರ್ಗಸೂಚಿಯ ದಾರಿಯೂ ಹೆಚ್ಚುಕಡಿಮೆ ಇದೇ.

ಇನ್ನೊಬ್ಬರ ಪ್ರಶ್ನೆ: ಅಲ್ಟ್ರಾಸೋನಿಕ್ ಟೆಸ್ಟ್ (ಶಬ್ದತರಂಗ ಹಾಯಿಸಿ ವೆಲ್ಡ್ ಒಳಗಿನ ದೋಷ ಹುಡುಕುವುದು) ಮಾಡಿಸಿದರೆ ಸಾಲದಾ? ನಮ್ಮದು 1971ರ ಕಟ್ಟಡ.

ಉತ್ತರ: ಅದು ಬೇಕು, ಆದರೆ ಕಣ್ಣಿಗೆ ಬದಲಿಯಲ್ಲ. ನಾರ್ತ್‌ರಿಜ್ ನಂತರ ಆ ಯಂತ್ರ ತೋರಿಸಿದ ಎಷ್ಟೋ ದೋಷಗಳು ಕಟ್ಟುವಾಗಲೇ ಉಳಿದಿದ್ದವು, ಭೂಕಂಪದಿಂದ ಆದದ್ದಲ್ಲ. ಇನ್ನೊಂದು, 1973ಕ್ಕೂ ಮೊದಲಿನ ಲೇಪನದಲ್ಲಿ ಆಸ್ಬೆಸ್ಟಾಸ್ ಇರಬಹುದು, ಅದರ ಧೂಳು ಶ್ವಾಸಕೋಶಕ್ಕೆ ಅಪಾಯ. ಪರೀಕ್ಷೆ ಮಾಡಿಸದೆ ಕೆರೆಯಲು ಬಿಡಬೇಡಿ, ದಯವಿಟ್ಟು.

ಮೊದಲಿನವರು: ನಾನು ಬಾಡಿಗೆದಾರ ಸರ್. ನಾನೇನು ಮಾಡಬಹುದು?

ಉತ್ತರ: ಮಾಲೀಕರನ್ನು ಒಂದೇ ಮಾತು ಕೇಳಿ: "1994ರ ನಂತರ ಜಾಯಿಂಟ್ ಬಿಚ್ಚಿ ನೋಡಿದ್ದೀರಾ, ಯಾವ ಮಹಡಿಯಲ್ಲಿ, ಎಷ್ಟು?" ಹೆಚ್ಚು ನಡುಗಿದ ಪ್ರದೇಶದ ಇಂಥ ಕಟ್ಟಡಗಳಿಗೆ 1995ರಲ್ಲಿ ನಗರವೇ ತಪಾಸಣೆ ಕಡ್ಡಾಯ ಮಾಡಿತ್ತು. ನಿಮ್ಮದೂ ಅದರಲ್ಲಿದ್ದರೆ ವರದಿ ಇರಬೇಕು. ಸಿಕ್ಕರೆ ಇಲ್ಲಿ ಹಾಕಿ, ಕೂತು ನೋಡೋಣ.